ಚರಂಡಿ ನಕ್ಷೆಯನ್ನು ಪ್ರಕಟಿಸುವ ಮುನ್ನ ಪರವಾನಗಿಯ ವಿಚಾರ

ಕಾರ್ಯದರ್ಶಿ:
ಆತ್ಮೀಯ ನಿವಾಸಿಗಳೇ, ಮಳೆ ಬಂದಾಗಲೆಲ್ಲ ನೀರು ನಿಲ್ಲುವ ಜಾಗಗಳನ್ನೂ ಹೂಳು ತುಂಬಿದ ಚರಂಡಿಗಳನ್ನೂ ತೋರಿಸುವ ನಮ್ಮ ನಕ್ಷೆ ಸಿದ್ಧವಾಗಿದೆ. ರಸ್ತೆಗಳನ್ನು ಯಾರು ಬೇಕಾದರೂ ಸೇರಿಸಿ ಬಳಸಬಹುದಾದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದಲೂ ನಿವೇಶನಗಳ ಗಡಿಗಳನ್ನು ಒಂದು ಖಾಸಗಿ ಸಮೀಕ್ಷಾ ಸಂಸ್ಥೆಯ ಕಡತದಿಂದಲೂ ಪಡೆದಿದ್ದೇವೆ. ಇದನ್ನು ಚರಂಡಿಗಳ ಕುರಿತ ನಮ್ಮ ಮನವಿಯ ಜೊತೆ ಸಲ್ಲಿಸಿ, ಸಾರ್ವಜನಿಕವಾಗಿಯೂ ಪ್ರಕಟಿಸಬಹುದೇ?

ನಕ್ಷೆ ತಂಡದ ಸದಸ್ಯೆ:
ಕಾರ್ಯದರ್ಶಿಗಳೇ, ದಯವಿಟ್ಟು ಸ್ವಲ್ಪ ತಡೆಯಿರಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶ 2012ರಿಂದ ಓಪನ್ ಡೇಟಾಬೇಸ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿದೆ. ಮೂಲವನ್ನು ಹೆಸರಿಸಿದರೆ ಸಾಕೆಂದು ಹಲವರು ತಿಳಿದಿದ್ದಾರೆ, ಅದು ಅರ್ಧ ಮಾತ್ರ ಸರಿ. ಆ ದತ್ತಾಂಶವನ್ನು ಬೇರೆಯದರೊಂದಿಗೆ ಬೆರೆಸಿ ಹೊಸ ದತ್ತಸಂಚಯ (ಡೇಟಾಬೇಸ್) ಮಾಡಿ ಹೊರಗಿನವರಿಗೆ ಕೊಟ್ಟರೆ, ಆ ಸಂಚಯವನ್ನೂ ಅದೇ ಪರವಾನಗಿಯಡಿ ತೆರೆದಿಡಬೇಕಾಗುತ್ತದೆ. ರಸ್ತೆ ಒಂದು ಪದರ, ನಿವೇಶನ ಇನ್ನೊಂದು ಪದರ ಎಂದು ಬೇರೆಬೇರೆಯಾಗಿಯೇ ಉಳಿದರೆ ಈ ಷರತ್ತು ನಿವೇಶನದ ಕಡತವನ್ನು ತಟ್ಟುವುದಿಲ್ಲ. ತೊಡಕಿರುವುದು ಚರಂಡಿಯ ಪದರದಲ್ಲಿ. ಮುಕ್ತ ನಕ್ಷೆಯಲ್ಲಿ ಇಲ್ಲದ ಚರಂಡಿಗಳನ್ನು ನಾನೇ ಸಂಸ್ಥೆಯ ಕಡತದಿಂದ ತೆಗೆದು ಒಂದೇ ಕೋಷ್ಟಕಕ್ಕೆ ಸೇರಿಸಿಬಿಟ್ಟಿದ್ದೇನೆ. ಅದು ನನ್ನ ತಪ್ಪು. ಆ ಕೋಷ್ಟಕವನ್ನು ಮುಕ್ತವಾಗಿ ಕೊಡಬೇಕೆಂದು ಒಂದು ಪರವಾನಗಿ ಹೇಳಿದರೆ, ಯಾರಿಗೂ ಮರುಹಂಚಬಾರದೆಂದು ಸಂಸ್ಥೆಯ ಒಪ್ಪಂದ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸಲಾಗದು.

ಕೊನೆಯ ಅಡ್ಡರಸ್ತೆಯ ನಿವಾಸಿ:
ಮೇಡಂ, ಕೋಷ್ಟಕವನ್ನು ನಮ್ಮಲ್ಲೇ ಇಟ್ಟುಕೊಂಡು ಮುದ್ರಿತ ಚಿತ್ರವನ್ನಷ್ಟೇ ಕೊಟ್ಟರೆ ಆಗದೇ? ಕಳೆದ ಮಳೆಗೆ ನೀರು ನಮ್ಮ ಹೊಸ್ತಿಲು ದಾಟಿತ್ತು, ಇನ್ನೂ ಕಾಯುವುದು ಕಷ್ಟ.

ನಕ್ಷೆ ತಂಡದ ಸದಸ್ಯೆ:
ಸರ್, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಚಿತ್ರ ಹುಟ್ಟಿದ್ದು ಬೆರೆತ ಸಂಚಯದಿಂದಲಾದರೆ, ಚಿತ್ರವನ್ನು ಪಡೆದವರಿಗೆ ಆ ಸಂಚಯವನ್ನೋ ಮಾಡಿದ ಬದಲಾವಣೆಗಳ ಕಡತವನ್ನೋ ಒದಗಿಸಬೇಕು. ಸಂಘದೊಳಗೇ ಬಳಸಿದರೆ ಈ ಬಾಧ್ಯತೆಯಿಲ್ಲ, ಆದರೆ ಮನವಿ ಹೊರಗೆ ಹೋಗುವಂಥದ್ದು. ಸಂಸ್ಥೆಯಿಂದ ಬಂದ ಚರಂಡಿಗಳನ್ನೆಲ್ಲ ಇಂದೇ ಅಳಿಸುತ್ತೇನೆ. ಭಾನುವಾರ ನಾವೇ ಬೀದಿಬೀದಿ ನಡೆದು, ಜಿಪಿಎಸ್‌ನಲ್ಲಿ ಗುರುತಿಸಿ, ನೇರವಾಗಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೇ ಸೇರಿಸೋಣ. ಸಮಯ ಉಳಿಸಲೆಂದು ಗೂಗಲ್ ಮ್ಯಾಪ್ಸ್ ನೋಡಿ ಯಾರೂ ಗೆರೆ ಎಳೆಯಬಾರದು, ಅಲ್ಲಿಂದ ನಕಲಿಸಲು ಅನುಮತಿಯಿಲ್ಲ.

ಕಾರ್ಯದರ್ಶಿ:
ಒಪ್ಪಿದೆ. ನಿವೇಶನದ ಗಡಿಗಳನ್ನು ತೋರಿಸಲು ಸಂಸ್ಥೆಯ ಲಿಖಿತ ಅನುಮತಿ ಕೇಳಿ ಇಂದೇ ಪತ್ರ ಬರೆಯುತ್ತೇನೆ. ಅದು ಬರುವವರೆಗೆ ಆ ಪದರವಿಲ್ಲದೆಯೇ ಮನವಿ ಸಲ್ಲಿಸೋಣ. ನಕ್ಷೆಯ ಮೂಲೆಯಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರ ಉಲ್ಲೇಖವಿರಲಿ. ಭಾನುವಾರ ನಡೆಯಲು ಬರುವವರು ತಮ್ಮ ಬೀದಿಯ ಹೆಸರನ್ನು ಇಲ್ಲೇ ಬರೆಯಬೇಕೆಂದು ಕೋರುತ್ತೇನೆ.

ಕೊನೆಯ ಅಡ್ಡರಸ್ತೆಯ ನಿವಾಸಿ:
ನಮ್ಮ ಅಡ್ಡರಸ್ತೆಯನ್ನೂ ಅದರ ಹಿಂದಿನ ಕಾಲುವೆಯನ್ನೂ ನಾನೇ ನಡೆದು ಗುರುತಿಸುತ್ತೇನೆ.