ಅವ್ವನ ಗರ್ಭಚೀಲ ತೆಗೆದಿದ್ದಾರೆ, ಕೇಸ್ ಶೀಟ್ ಕೊಡುತ್ತಿಲ್ಲ. ಯಾರ ಹತ್ತಿರ ಹೋಗಬೇಕು?

ಶಿರಹಟ್ಟಿ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಹಟ್ಟಿ ಹತ್ತಿರದ ಹಳ್ಳಿ. ಅವ್ವನಿಗೆ 42 ವರ್ಷ. ತಿಂಗಳ ರಕ್ತ ಹದಿನೈದು ದಿನವಾದರೂ ನಿಲ್ಲುತ್ತಿರಲಿಲ್ಲ. ಜೂನ್‌ನಲ್ಲಿ ಹುಬ್ಬಳ್ಳಿಯ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆ. ಅಪ್ಪ ಹೆಸರು ಬಿತ್ತನೆ ಇದೆ ಎಂದು ಊರಲ್ಲೇ ಉಳಿದ. ಸ್ಕ್ಯಾನಿಂಗ್ ಮಾಡಿ, ಗಡ್ಡೆ ಇದೆ, ಸಣ್ಣ ತೂತು ಮಾಡಿ ಅದನ್ನಷ್ಟೇ ತೆಗೆಯುತ್ತೇವೆ ಎಂದರು. ಅವ್ವ ಸಹಿ ಹಾಕಿದಳು.

ಅವಳನ್ನು ಒಳಗೆ ಕರೆದುಕೊಂಡು ಹೋಗಿ ಮುಕ್ಕಾಲು ತಾಸಾಗಿತ್ತು. ಸಿಸ್ಟರ್ ಒಬ್ಬರು ಹೊರಗೆ ಬಂದು, ಇನ್ನೊಂದು ಸಹಿ ಬೇಕು, ಬೇಗ ಎಂದರು. ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಪಿಯುಸಿ ಓದಿದ್ದೇನೆ, ನಿಧಾನಕ್ಕೆ ಓದಿದ್ದರೆ ತಿಳಿಯುತ್ತಿತ್ತು. ಕೈ ನಡುಗುತ್ತಿತ್ತು. ಓದದೆ ಸಹಿ ಹಾಕಿದೆ. ಇದು ನನ್ನನ್ನು ಈಗಲೂ ಕೊರೆಯುತ್ತಿದೆ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಗರ್ಭಚೀಲ, ಎರಡೂ ಅಂಡಾಶಯ ತೆಗೆದಿದೆ ಎಂದು ಬರೆದಿದ್ದಾರೆ. ಅವ್ವನ ಬೋರಮಾಳ ಸರ ಅಡವಿಟ್ಟು 84 ಸಾವಿರ ಕಟ್ಟಿದೆವು. ಈಗ ಐದು ತಿಂಗಳಾಯಿತು. ರಾತ್ರಿ ಮೈಯೆಲ್ಲ ಉರಿ ಎಂದು ಎದ್ದು ಕೂರುತ್ತಾಳೆ. ಈ ಸಲ ಕಡಲೆ ಬಿತ್ತಲು ಹೊಲಕ್ಕೆ ಬರಲಿಲ್ಲ. "ನನ್ನನ್ನು ಒಂದು ಮಾತು ಕೇಳಬಾರದಿತ್ತಾ?" ಅಂತ ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ಕೇಸ್ ಶೀಟ್ ಕೇಳಲು ಎರಡು ಸಲ ಹೋದೆ. ಅದು ದವಾಖಾನೆಯ ಕಾಗದ, ಕೊಡುವಂತಿಲ್ಲ ಎಂದು ಕಳಿಸಿದರು. ದೊಡ್ಡವರ ಜೊತೆ ನಮಗೇಕೆ ಎಂದು ಅಪ್ಪ ಹೇಳುತ್ತಾನೆ. ಆ ಡಾಕ್ಟರನ್ನು ಎದುರಿಗೆ ಕೂರಿಸಿ ಯಾಕೆ ಹೀಗೆ ಮಾಡಿದಿರಿ ಎಂದು ಕೇಳುವವರು ಯಾರಾದರೂ ಇದ್ದಾರಾ?

ಹಾವೇರಿ ಅಣ್ಣ:
ಸುಮ್ನೆ ಅಲೆಯಬೇಡಿ. ನೇರ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡಿ.

ಧಾರವಾಡದ ಸಿಸ್ಟರ್:
ತಂಗೀ, ನಾನು 27 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು, ಈಗ ನಿವೃತ್ತಿ. ಸಹಿ ಹಾಕಿದ್ದಕ್ಕೆ ನಿನ್ನನ್ನು ನೀನು ಬೈದುಕೊಳ್ಳಬೇಡ. ಆ ಹೊತ್ತಿನಲ್ಲಿ ಹೊರಗೆ ಕುಳಿತವರು ಏನು ಕೊಟ್ಟರೂ ಸಹಿ ಹಾಕುತ್ತಾರೆ, ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೇಸ್ ಶೀಟ್ ಕೊಡುವಂತಿಲ್ಲ ಎಂದದ್ದು ತಪ್ಪು. ವೈದ್ಯರ ನಡತೆಯ ಬಗ್ಗೆ 2002ರ ನಿಯಮಗಳಿವೆ. ರೋಗಿ ಕೇಳಿದರೆ 72 ತಾಸಿನೊಳಗೆ ದಾಖಲೆ ಕೊಡಬೇಕು, ಒಳರೋಗಿಗಳ ದಾಖಲೆ ಮೂರು ವರ್ಷ ಇಟ್ಟಿರಬೇಕು ಅಂತ ಅದರಲ್ಲಿದೆ. ಬಾಯಲ್ಲಿ ಕೇಳಬೇಡ. ಅವ್ವನ ಸಹಿಯಲ್ಲೇ ಅರ್ಜಿ ಬರೆ. ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡು.

ಪೂರ್ತಿ ಕೇಸ್ ಶೀಟ್ ಎಂದೇ ಬರೆ. ಆಪರೇಷನ್ ನೋಟ್ಸ್, ಎರಡೂ ಒಪ್ಪಿಗೆ ಪತ್ರ, ತೆಗೆದ ಚೀಲದ ಬಯಾಪ್ಸಿ ರಿಪೋರ್ಟ್ ಎಲ್ಲ ಬೇಕು. ಎಲ್ಲಕ್ಕಿಂತ ಮುಖ್ಯ ಅನಸ್ತೇಶಿಯಾ (ಪ್ರಜ್ಞೆ ತಪ್ಪಿಸುವ ಮದ್ದು) ಚಾರ್ಟ್. ಅದರಲ್ಲಿ ಐದೈದು ನಿಮಿಷಕ್ಕೆ ಬಿಪಿ, ನಾಡಿ ಬರೆದಿರುತ್ತಾರೆ. ಜೀವಕ್ಕೆ ಅಪಾಯ ಬಂತು, ಅದಕ್ಕೇ ತೆಗೆದೆವು ಎಂದು ನಾಳೆ ಹೇಳಿದರೆ, ಆ ಅಪಾಯ ಅಲ್ಲಿ ಕಾಣಬೇಕು ಅಲ್ವಾ? ನಿನ್ನ ಸಹಿ ಅವ್ವನಿಗೆ ಅನಸ್ತೇಶಿಯಾ ಕೊಟ್ಟ ಮೇಲಿನದು ಎಂಬುದೂ ಅಲ್ಲಿನ ಟೈಮಿನಿಂದ ತಿಳಿಯುತ್ತದೆ.

ಇನ್ನೊಂದು ಮಾತು. ಮುಂದೆ ಮಕ್ಕಳಾಗದಂತೆ ಮಾಡುವ ಆಪರೇಷನ್ ಆದರೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು ಎಂದು ಅದೇ ನಿಯಮದಲ್ಲಿದೆ. ನಿಮ್ಮ ಅಪ್ಪ ಊರಲ್ಲಿದ್ದರು. ಅವರಿಗೆ ಫೋನಾದರೂ ಬಂದಿತ್ತಾ?

ಕೇಳುವವರು ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್ (ಕೆಎಂಸಿ). ನಮ್ಮ ಜನ ಕೆಎಂಸಿ ಎಂದರೆ ಹುಬ್ಬಳ್ಳಿ ವಿದ್ಯಾನಗರದ ದೊಡ್ಡ ದವಾಖಾನೆ ಎಂದುಕೊಳ್ಳುತ್ತಾರೆ, ಅದಲ್ಲ. ಡಾಕ್ಟರ ಹೆಸರು ಈ ಕೌನ್ಸಿಲ್ಲಿನ ಪಟ್ಟಿಯಲ್ಲಿದ್ದರೆ ಮಾತ್ರ ಅವರು ಇಲ್ಲಿ ಡಾಕ್ಟರ್. ಚೀಟಿಯ ಮೇಲೆ ರಿಜಿಸ್ಟ್ರೇಷನ್ ನಂಬರ್ ಇರುತ್ತದೆ, ದೂರಿನಲ್ಲಿ ಅದನ್ನು ಬರೆ. ಕಾಗದ ಕೊಡದ ದವಾಖಾನೆಯ ಮೇಲೆ ಕೆಪಿಎಂಇ ಎಂಬ ಖಾಸಗಿ ದವಾಖಾನೆಗಳ ಕಾಯ್ದೆಯಡಿ ಬೇರೆ ಅರ್ಜಿ ಕೊಡಬಹುದು. ಆ ಅರ್ಜಿ ನೋಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಾರ್ಯದರ್ಶಿ. ದವಾಖಾನೆ ಹುಬ್ಬಳ್ಳಿಯಲ್ಲಿದೆ, ಹಾಗಾಗಿ ಗದಗಕ್ಕಲ್ಲ, ಧಾರವಾಡಕ್ಕೆ ಬಾ.

ಗದಗ ಡಾಕ್ಟರ್:
ಸಿಸ್ಟರ್ ಹೇಳಿದ್ದೆಲ್ಲ ಸರಿ. ಮೊದಲು ಒಂದು ವಿನಂತಿ. 42ಕ್ಕೇ ಎರಡೂ ಅಂಡಾಶಯ ಹೋದರೆ ಮೈ ಉರಿ ಬರುತ್ತದೆ, ಎಲುಬು ಸವೆಯುತ್ತದೆ. ದೂರು ಒಂದು ಕಡೆ ಇರಲಿ, ಈ ವಾರವೇ ಬೇರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಇದಕ್ಕೆ ಚಿಕಿತ್ಸೆ ಇದೆ.

ಪೊಲೀಸ್ ಕೇಸ್ ಮೊದಲ ಹೆಜ್ಜೆಯಲ್ಲ. ಬೇರೆ ವೈದ್ಯರ ಅಭಿಪ್ರಾಯ ಪಡೆಯದೆ ಡಾಕ್ಟರ ಮೇಲೆ ಕ್ರಿಮಿನಲ್ ಕೇಸ್ ನಡೆಸಬಾರದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಆಪರೇಷನ್ನಿನಲ್ಲಿ ಏನಾದರೂ ಕೆಟ್ಟರೆ ಎಲ್ಲ ಸಲವೂ ಡಾಕ್ಟರ ತಪ್ಪಲ್ಲ, ಅದು ನನಗೆ ಗೊತ್ತು. ಆದರೆ ನಿಮ್ಮದು ಬೇರೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣ ಹೆಚ್ಚುಕಡಿಮೆ ಇದೇ. ಹೊಟ್ಟೆಯೊಳಗೆ ನೋಡಲು ಒಪ್ಪಿದ್ದ ಹೆಣ್ಣುಮಗಳ ಗರ್ಭಕೋಶ ತೆಗೆದರು. ಅವರು ಪ್ರಜ್ಞೆ ಇಲ್ಲದೆ ಮಲಗಿದ್ದಾಗ ತಾಯಿಯ ಒಪ್ಪಿಗೆ ಪಡೆದಿದ್ದರು. ಆ ಒಪ್ಪಿಗೆ ನಡೆಯದು, ಜೀವ ಉಳಿಸುವ ತುರ್ತು ಇರದಿದ್ದರೆ ರೋಗಿ ಎಚ್ಚರಾಗುವ ತನಕ ಕಾಯಬೇಕಿತ್ತು ಎಂದು ಕೋರ್ಟ್ ಹೇಳಿತು.

ಕೌನ್ಸಿಲ್ ಡಾಕ್ಟರಿಗೆ ನೋಟಿಸ್ ಕೊಟ್ಟು ಇಬ್ಬರ ಮಾತೂ ಕೇಳುತ್ತದೆ. ತಪ್ಪು ಕಂಡರೆ ಎಚ್ಚರಿಕೆ ಕೊಡಬಹುದು, ಇಷ್ಟು ತಿಂಗಳು ಅಂತ ಪಟ್ಟಿಯಿಂದ ಹೆಸರು ತೆಗೆಯಬಹುದು, ಪೂರ್ತಿಯಾಗಿಯೂ ತೆಗೆಯಬಹುದು. ಆರು ತಿಂಗಳೊಳಗೆ ತೀರ್ಮಾನ ಆಗಬೇಕು ಎಂದು ನಿಯಮ. ಪರಿಹಾರ ಬೇಕೆಂದರೆ ಗ್ರಾಹಕರ ಆಯೋಗಕ್ಕೆ ಹೋಗಬೇಕು, ಅದಕ್ಕೆ ಎರಡು ವರ್ಷದ ಗಡುವು ಇದೆ.

2019ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಕಾಯ್ದೆಯಲ್ಲಿ ಕೌನ್ಸಿಲ್ ತೀರ್ಪಿನ ಮೇಲೆ ಮೇಲ್ಮನವಿ ಡಾಕ್ಟರಿಗೆ ಮಾತ್ರ ಎಂದು ಬರೆದಿದೆ. ಇದು ಅನ್ಯಾಯ, ಡಾಕ್ಟರಾಗಿಯೇ ಹೇಳುತ್ತೇನೆ. ಹಾಗಾಗಿ ಮೊದಲ ದೂರನ್ನೇ ಗಟ್ಟಿಯಾಗಿ ಬರೆಯಿರಿ. ಕೋಪದ ಮಾತು ಬೇಡ. ತಾರೀಖು, ಹೊತ್ತು, ಯಾರು ಏನು ಹೇಳಿದರು, ಅಷ್ಟೇ ಸಾಕು.

ಶಿರಹಟ್ಟಿ ಮಗಳು:
ಅಕ್ಕಾ, ಅಪ್ಪನಿಗೆ ಯಾವ ಫೋನೂ ಬಂದಿರಲಿಲ್ಲ. ನೀವು ಬರೆದದ್ದನ್ನು ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ಸೋಮವಾರ ನಾನೂ ಬರುತ್ತೇನೆ ಎಂದ. ಲಕ್ಷ್ಮೇಶ್ವರದ ಮೇಲೆ ಬೆಳಗಿನ ಬಸ್ಸಿಗೆ ಮೂವರೂ ಹೋದೆವು. ಕೌಂಟರಿನವರು ಅರ್ಜಿ ಓದಿದರು, ಒಳಗೆ ಹೋದರು, ಅರ್ಧ ತಾಸು ಬಿಟ್ಟು ಬಂದು ಸೀಲು ಹಾಕಿಕೊಟ್ಟರು. ಗುರುವಾರಕ್ಕೆ 72 ತಾಸು ಆಗುತ್ತದೆ.

ಡಾಕ್ಟರ್ ಸರ್, ಅವ್ವನನ್ನು ಅವತ್ತೇ ಬೇರೆ ಕಡೆ ತೋರಿಸಿದೆವು. ಗುಳಿಗೆ ಕೊಟ್ಟಿದ್ದಾರೆ. ಅವರು ಅವ್ವನಿಗೇ ಎಲ್ಲ ಬಿಡಿಸಿ ಹೇಳಿದರು, ನನಗಲ್ಲ.

ದೂರಿನ ಕಾಗದ ಈಗ ಅವ್ವ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಎರಡು ಪುಟ ಆಗಿದೆ. ಇನ್ನೂ ಆಪರೇಷನ್ ದಿನದ ಬೆಳಗ್ಗೆಯಲ್ಲೇ ಇದ್ದೇವೆ.