ಮಾಲ್ಟ್ ಎಕ್ಸ್‌ಟ್ರಾಕ್ಟ್‌ನಿಂದ ಮೊದಲ ಬಿಯರ್: ಹೈಡ್ರೋಮೀಟರ್ 1.018ಕ್ಕೆ ನಿಂತಿದೆ, ಬಾಟಲಿಗೆ ತುಂಬಬಹುದೇ?

ಪ್ರಶ್ನೆ

ನಮಸ್ಕಾರ. ಮಿನಿಯಾಪೊಲಿಸ್‌ನಲ್ಲಿರುವ ನಾನು ಮೊದಲ ಬಾರಿಗೆ ಮನೆಯಲ್ಲಿ ಪೇಲ್ ಏಲ್ ಎಂಬ ಬಗೆಯ ಬಿಯರ್ ತಯಾರಿಸುತ್ತಿದ್ದೇನೆ. ನಮ್ಮ ಒಲೆಗೆ ದೊಡ್ಡ ಪಾತ್ರೆ ಹೊಂದದ ಕಾರಣ, ಸುಮಾರು 10 ಲೀಟರ್ ನೀರಿನಲ್ಲಿ 3 ಕಿಲೋ ದ್ರವ (ಮೊಳಕೆ ಬರಿಸಿದ ಬಾರ್ಲಿಯ ಗಟ್ಟಿ ಸಿಹಿ ಪಾಕವಾದ) ಮಾಲ್ಟ್ ಎಕ್ಸ್‌ಟ್ರಾಕ್ಟನ್ನು ಕಹಿ, ಪರಿಮಳ ಕೊಡುವ ಕ್ಯಾಸ್ಕೇಡ್ ಹಾಪ್ಸ್‌ನೊಡನೆ ಒಂದು ಗಂಟೆ ಕುದಿಸಿ ತಣಿಸಿದೆ. ಬಳಿಕ ಬಕೆಟ್‌ಗೆ ಸುರಿದು, ತಣ್ಣೀರು ಬೆರೆಸಿ 19 ಲೀಟರಿಗೆ ತಂದೆ. ಆಗ ಹೈಡ್ರೋಮೀಟರ್ (ಸಕ್ಕರೆ ಎಷ್ಟಿದೆಯೆಂದು ಸಾಂದ್ರತೆಯಿಂದ ಅಳೆಯುವ ಸಾಧನ, ಬರಿ ನೀರಿಗೆ 1.000) 1.038 ತೋರಿಸಿತು, ಕಿಟ್‌ನ ಹಾಳೆಯಲ್ಲಿ 1.048 ಎಂದಿದೆ. ಯೀಸ್ಟ್ ಸಫೇಲ್ ಯುಎಸ್-05. ಬಕೆಟ್ ಇರುವ ನೆಲಮಾಳಿಗೆಯಲ್ಲಿ ಈಗ 16 ಡಿಗ್ರಿ ಸೆಲ್ಸಿಯಸ್. ಏರ್‌ಲಾಕ್‌ನಲ್ಲಿ (ಅನಿಲವನ್ನು ಹೊರಬಿಡುವ ಮುಚ್ಚಳದ ಕವಾಟ) ಗುಳ್ಳೆ ಬರುವುದು ನಿಂತಿದ್ದು, ಅಳತೆ 1.018 ಇದೆ. ಬಿಯರ್ ನೀರಾಗಿಹೋಯಿತೇ? ಈಗಲೇ ಬಾಟಲಿಗೆ ತುಂಬಬಹುದೇ?

ಉತ್ತರ 1

ಮೊದಲ ಅಳತೆಯನ್ನು ನಂಬಬೇಡಿ. ಸಕ್ಕರೆ ತುಂಬಿದ ಗಟ್ಟಿ ವರ್ಟ್ (ಹುದುಗುವ ಮುನ್ನಿನ ಕುದಿಸಿದ ಸಿಹಿ ದ್ರವ) ತಳದಲ್ಲಿ ಉಳಿದು, ಮೇಲೆ ಸುರಿದ ನೀರು ಅದರೊಡನೆ ಪೂರ್ತಿ ಬೆರೆಯದಿದ್ದಾಗ, ಮೇಲಿನಿಂದ ತೆಗೆದ ಮಾದರಿ ತೆಳುವಾಗಿಯೇ ಕಾಣುತ್ತದೆ. ಧಾನ್ಯದಿಂದ ಸಕ್ಕರೆ ತೆಗೆಯುವವರಿಗೆ ಎಷ್ಟು ಸಿಕ್ಕಿತೆಂಬ ಅನುಮಾನವಿರುತ್ತದೆ. ಎಕ್ಸ್‌ಟ್ರಾಕ್ಟ್ ಬಳಸುವವರಿಗೆ ಅದಿಲ್ಲ, ಏಕೆಂದರೆ ಸಕ್ಕರೆಯೆಲ್ಲ ಡಬ್ಬಿಯಲ್ಲೇ ಇರುತ್ತದೆ. 3 ಕಿಲೋ ಎಕ್ಸ್‌ಟ್ರಾಕ್ಟ್ 19 ಲೀಟರಿನಲ್ಲಿ ಕರಗಿದ್ದರೆ ಸಾಂದ್ರತೆ 1.048ರ ಆಸುಪಾಸಿನಲ್ಲೇ ಇರಬೇಕು. ಯೀಸ್ಟ್ ಕೆಲಸ ಮಾಡುವಾಗ ಪದರಗಳು ತಾವಾಗಿಯೇ ಬೆರೆತುಹೋಗುತ್ತವೆ. ಬಿಯರ್ 1.012ಕ್ಕೆ ಇಳಿದರೆ ಮದ್ಯಸಾರ ಸುಮಾರು ಶೇ. 4.7 ಆಗುತ್ತದೆ, ಪೇಲ್ ಏಲ್‌ಗೆ ಅಷ್ಟು ಸಾಕು.

ಉತ್ತರ 2

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಬಾಟಲಿಗೆ ಖಂಡಿತ ತುಂಬಬೇಡಿ. ಮುಚ್ಚಳದ ಸಂದಿನಿಂದ ಅನಿಲ ಸೋರಿದರೂ ಗುಳ್ಳೆ ನಿಲ್ಲುತ್ತದೆ, ಚಳಿಗೆ ಯೀಸ್ಟ್ ಮಂದವಾದರೂ ನಿಲ್ಲುತ್ತದೆ. ಆದ್ದರಿಂದ ಏರ್‌ಲಾಕ್ ಹೇಳುವ ಸಾಕ್ಷಿಗೆ ಬೆಲೆಯಿಲ್ಲ. ಹುದುಗುವಿಕೆ ಜೋರಾಗಿರುವಾಗ ಅದರ ಶಾಖದಿಂದ ಬಕೆಟ್ ಕೋಣೆಗಿಂತ ಕೆಲವು ಡಿಗ್ರಿ ಬೆಚ್ಚಗಿರುತ್ತದೆ. ಕೆಲಸ ನಿಧಾನವಾದೊಡನೆ ಆ ಶಾಖವೂ ಇಳಿಯುವುದರಿಂದ, 16 ಡಿಗ್ರಿಯಲ್ಲಿ ಈ ಯೀಸ್ಟ್ ಕೊನೆಯ ಸಕ್ಕರೆಯನ್ನು ತಿನ್ನದೆ ತಳ ಸೇರಿರುವ ಸಾಧ್ಯತೆಯೇ ಹೆಚ್ಚು. ಬಕೆಟ್ಟನ್ನು 20–21 ಡಿಗ್ರಿಯಿರುವ ಕೋಣೆಗೆ ತಂದು, ಮುಚ್ಚಳ ತೆಗೆಯದೆ, ಗಾಳಿ ಬೆರೆಯದಂತೆ ಮೆಲ್ಲನೆ ತಿರುಗಿಸಿ ಯೀಸ್ಟನ್ನು ಎಬ್ಬಿಸಿ. ಹೊಸ ಯೀಸ್ಟ್ ಪೊಟ್ಟಣ ಈಗಲೇ ಬೇಡ.

ಆತುರ ಏಕೆ ಅಪಾಯವೆಂದರೆ, ಸಾಮಾನ್ಯವಾಗಿ ಒಂದು ಲೀಟರ್ ಬಿಯರಿನಲ್ಲಿ ಸುಮಾರು 2.5 ಲೀಟರ್ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಮತ್ತು ಸಾಂದ್ರತೆ ಒಂದೊಂದು ಅಂಶ, ಅಂದರೆ 0.001ರಷ್ಟು, ಇಳಿದಾಗಲೂ ಅದಕ್ಕೆ ಸುಮಾರು ಅರ್ಧ ಲೀಟರ್ ಸೇರುತ್ತದೆ. ಬಾಟಲಿಯೊಳಗೆ ಬಿಯರ್ 1.018ರಿಂದ 1.012ಕ್ಕೆ ಇಳಿದರೆ, ಬಾಟಲಿಗೆ ತುಂಬುವಾಗ ಗುಳ್ಳೆ ಬರಲೆಂದು ನೀವು ಹಾಕುವ ಸಕ್ಕರೆಯ ಅನಿಲದ ಮೇಲೆ ಇನ್ನೂ 3 ಲೀಟರ್. ಅಷ್ಟು ಒತ್ತಡಕ್ಕೆ ಗಾಜು ಸಿಡಿಯಬಹುದು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಬಕೆಟ್ಟನ್ನು ಮೇಲಿನ ಕೋಣೆಗೆ ತಂದಿದ್ದೇನೆ. 1.012ಕ್ಕೆ ಬಾರದೆ 1.015ರಲ್ಲೇ ನಿಂತರೆ ಏನು ಮಾಡಬೇಕು?

ಉತ್ತರ 3

ನಿಂತರೆ ನಿಲ್ಲಲಿ. ಎಕ್ಸ್‌ಟ್ರಾಕ್ಟ್‌ನಲ್ಲಿ ಯೀಸ್ಟ್ ತಿನ್ನಲಾರದ ಸಕ್ಕರೆಯ ಪಾಲು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ, ಕೊನೆಯ ಅಂಕಿ ಹಾಳೆಯಲ್ಲಿರುವಂತೆಯೇ ಬರಬೇಕೆಂದಿಲ್ಲ. ಬೆಚ್ಚಗಿನ ಕೋಣೆಯಲ್ಲಿ ಎರಡು ಮೂರು ದಿನಗಳ ಅಂತರದಲ್ಲಿ ತೆಗೆದ ಎರಡು ಅಳತೆಗಳು ಒಂದೇ ಆಗಿರಬೇಕು, ಅಷ್ಟೇ. ಮಾದರಿಯನ್ನು ಬಕೆಟ್‌ಗೆ ಹಿಂದಿರುಗಿಸದೆ ಕುಡಿದು ನೋಡಿ. ಸಿಹಿ ಉಳಿದಿದೆಯೇ ಎಂಬುದು ನಾಲಿಗೆಗೂ ತಿಳಿಯುತ್ತದೆ.

ತುಂಬುವ ದಿನ 115 ಗ್ರಾಂ ಕಾರ್ನ್ ಶುಗರನ್ನು (ಮೆಕ್ಕೆಜೋಳದ ಗ್ಲೂಕೋಸ್ ಸಕ್ಕರೆ) ಎರಡು ಲೋಟ ನೀರಿನಲ್ಲಿ ಕುದಿಸಿ ತಣಿಸಿ, ಸ್ಯಾನಿಟೈಸ್ ಮಾಡಿದ ಇನ್ನೊಂದು ಬಕೆಟ್‌ನ ತಳಕ್ಕೆ ಹಾಕಿ, ಅದರ ಮೇಲೆ ಬಿಯರನ್ನು ಕೊಳವೆಯಿಂದ ಸದ್ದಿಲ್ಲದೆ ಇಳಿಸಿ. ಪ್ರತಿ ಬಾಟಲಿಗೂ ಚಮಚದಿಂದ ಸಕ್ಕರೆ ಹಾಕುವ ಪದ್ಧತಿ ನನಗೆ ಹಿಡಿಸುವುದಿಲ್ಲ, ಒಂದರಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆಯಾಗುತ್ತದೆ. ತಿರುಪು ಮುಚ್ಚಳದ ತೆಳು ಬಾಟಲಿಗಳನ್ನು ಬಿಟ್ಟು, ಕ್ರೌನ್ ಮುಚ್ಚಳ ಹಿಡಿಯುವ ದಪ್ಪ ಕಂದು ಬಾಟಲಿಗಳನ್ನೇ ಬಳಸಿ. ತುಂಬಿದ ಮೇಲೆ ಎರಡು ವಾರ ಅದೇ ಬೆಚ್ಚಗಿನ ಕೋಣೆಯಲ್ಲಿ ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿಡಿ.