ನಿರ್ಬಂಧಕ್ಕೆ ಒಳಗಾದ ದೇಶಗಳ ಜನರ ಆರೋಗ್ಯದ ಬಗ್ಗೆ ಸಂಶೋಧನೆ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಮಡಿಕೇರಿಯಿಂದ:

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ಒಂದು ದೇಶದ ಮೇಲೆ ಆರ್ಥಿಕ ನಿರ್ಬಂಧ ಹೇರಿದಾಗ ಅಲ್ಲಿನ ಜನರ ಆರೋಗ್ಯ ಏನಾಗುತ್ತದೆ ಎಂಬ ವಿಷಯದಲ್ಲಿ ಪಿಎಚ್.ಡಿ. ಮಾಡಿ, ಅದರಲ್ಲೇ ಮುಂದುವರಿಯುವ ಆಸೆ ಇದೆ. ಅಪ್ಪ, "ಕಾಫಿ ತೋಟದ ಮನೆಯಲ್ಲಿ ಕುಳಿತು ಇರಾನಿನ ಔಷಧದ ಚಿಂತೆ ನಿನಗೇಕೆ, ಬ್ಯಾಂಕ್ ಪರೀಕ್ಷೆ ಬರೆ" ಎನ್ನುತ್ತಾರೆ. ಎಲ್ಲಿಂದ ಶುರು ಮಾಡಬೇಕು? ಇದರಿಂದ ಹೊಟ್ಟೆ ತುಂಬುತ್ತದೆಯೇ?

ಉತ್ತರ, ಕುಶಾಲನಗರದಿಂದ:

ನಾನು ಸಂಶೋಧಕನಲ್ಲ, ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ರಫ್ತಿನ ಲೆಕ್ಕ ಬರೆಯುವವನು. ನಿಮ್ಮ ತಂದೆಯವರಿಗೆ ಇದನ್ನು ಓದಿ ಹೇಳಿ. 2022ರ ಮಾರ್ಚಿಯಲ್ಲಿ ರಷ್ಯಾದ ಕೆಲವು ಬ್ಯಾಂಕುಗಳನ್ನು ಸ್ವಿಫ್ಟ್‌ನಿಂದ, ಅಂದರೆ ದೇಶದೇಶಗಳ ಬ್ಯಾಂಕುಗಳು ಹಣ ಪಾವತಿಯ ಸಂದೇಶ ಕಳಿಸಿಕೊಳ್ಳುವ ವ್ಯವಸ್ಥೆಯಿಂದ, ಹೊರಗಿಟ್ಟರು. ಕಾಫಿಗೆ ಯಾರೂ ನಿರ್ಬಂಧ ಹಾಕಿರಲಿಲ್ಲ. ನಮ್ಮ ಸರಕು ತಲುಪಿಯೂ ಇತ್ತು. ಆದರೆ ಹಣ ಬರಲಿಲ್ಲ. ಕೊಳ್ಳುವವನು ಕೊಟ್ಟೆ ಎನ್ನುತ್ತಾನೆ, ನಡುವಿನ ಬ್ಯಾಂಕು ಮುಟ್ಟಲು ಹೆದರುತ್ತದೆ. ಜುಲೈಯಲ್ಲಿ ರಿಸರ್ವ್ ಬ್ಯಾಂಕು ರೂಪಾಯಿಯಲ್ಲೇ ವ್ಯವಹಾರ ಮುಗಿಸಲು ದಾರಿ ಮಾಡಿಕೊಟ್ಟ ಮೇಲೂ ನಮ್ಮದು ಬಿಡುಗಡೆಯಾಗಲು ತಿಂಗಳುಗಳೇ ಹಿಡಿದವು. ಕಾಫಿ ಗೋದಾಮಿನಲ್ಲಿ ಕಾಯುತ್ತದೆ. ಇನ್ಸುಲಿನ್‌ಗಾಗಿ ಕಾಯುವ ಮನುಷ್ಯ ಏನು ಮಾಡಬೇಕು ಎಂದು ಆ ದಿನಗಳಲ್ಲಿ ನನಗೆ ಅನ್ನಿಸಿತ್ತು. ನೀವು ಓದಬೇಕೆಂದಿರುವುದು ಇದನ್ನೇ ಆದರೆ ಖಂಡಿತ ಓದಿ.

ಉತ್ತರ, ವಿರಾಜಪೇಟೆ ಮೂಲ, ಈಗ ಹೊರ ರಾಜ್ಯದಲ್ಲಿ:

ಹದಿನಾರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೇಲಿನವರು ಹೇಳಿದ್ದೇ ಈ ಶಾಸ್ತ್ರದ ಅರ್ಧ ಭಾಗ. ಇರಾಕಿನಿಂದ ಇರಾನಿನವರೆಗೆ ನಿರ್ಬಂಧದ ಆದೇಶಗಳಲ್ಲಿ ಔಷಧಕ್ಕೆ ವಿನಾಯಿತಿ ಇದೆ ಎಂದೇ ಬರೆದಿರುತ್ತದೆ. ಕಾಗದದ ಮೇಲೆ ಬಾಗಿಲು ತೆರೆದಿರುತ್ತದೆ, ಹಣ ದಾಟಿಸುವವರು ಇರುವುದಿಲ್ಲ. 2018ರಲ್ಲಿ ಅಮೆರಿಕ ಇರಾನಿನ ಮೇಲೆ ಮತ್ತೆ ನಿರ್ಬಂಧ ಹೇರಿದ ನಂತರ, ಮುಟ್ಟಿದರೆ ಚರ್ಮ ಗುಳ್ಳೆಯೇಳುವ ಹುಟ್ಟುಕಾಯಿಲೆಯ ಮಕ್ಕಳಿಗೆ ಯುರೋಪಿನಿಂದ ಬರುತ್ತಿದ್ದ ಮೆತ್ತನೆಯ ಪಟ್ಟಿ ನಿಂತುಹೋಯಿತು. ಸಾಧಾರಣ ಬಟ್ಟೆ ಕಟ್ಟಿದರೆ ಬಿಚ್ಚುವಾಗ ಚರ್ಮವೂ ಜೊತೆಗೆ ಬರುತ್ತದೆ. ಆ ಪಟ್ಟಿಯನ್ನು ಕಳಿಸಬೇಡಿ ಎಂದು ಯಾವ ಆದೇಶದಲ್ಲೂ ಬರೆದಿರಲಿಲ್ಲ.

ಇನ್ನರ್ಧ ಭಾಗ ಲೆಕ್ಕ. ಹುಷಾರಾಗಿರಬೇಕಾದದ್ದು ಅಲ್ಲಿಯೇ. ಇರಾಕಿನ ಮೇಲೆ ವಿಶ್ವಸಂಸ್ಥೆ ನಿರ್ಬಂಧ ಹೇರಿದ್ದು 1990ರ ಆಗಸ್ಟ್‌ನಲ್ಲಿ. ಐದು ಲಕ್ಷ ಮಕ್ಕಳು ಸತ್ತರು ಎಂಬ ಅಂಕಿಯನ್ನು ನನ್ನ ತಲೆಮಾರಿನವರೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆವು. ನಾನೂ ನನ್ನ ಮೊದಲ ಪ್ರಬಂಧವನ್ನು ಅದರಿಂದಲೇ ಆರಂಭಿಸಿದ್ದೆ. ಆ ಅಂಕಿ ಮೊದಲು ಹುಟ್ಟಿದ್ದು 1995ರಲ್ಲಿ ಬಾಗ್ದಾದಿನಲ್ಲಿ ನಡೆದ ಸಮೀಕ್ಷೆಯಿಂದ; ಅದರ ಕೆಲವು ತಾಯಂದಿರನ್ನು ಆಮೇಲೆ ಮತ್ತೆ ಕೇಳಿದಾಗ, ಮೊದಲು ಬರೆದುಕೊಂಡಿದ್ದ ಸಾವುಗಳಲ್ಲಿ ಹಲವು ಖಚಿತವಾಗಲಿಲ್ಲ. 1999ರಲ್ಲಿ ಯುನಿಸೆಫ್ ಹೆಸರಿನಲ್ಲಿ ಬಂದ ಸಮೀಕ್ಷೆಯಲ್ಲಿ ಕಂಡ ಮಕ್ಕಳ ಸಾವಿನ ಏರಿಕೆ, ಸದ್ದಾಂ ಆಡಳಿತ ಬಿದ್ದ ಮೇಲೆ ನಡೆದ ಯಾವ ಸಮೀಕ್ಷೆಯಲ್ಲೂ ಕಾಣಲಿಲ್ಲ. ಆ ಅಂಕಿಯನ್ನು ಇರಾಕ್ ಸರ್ಕಾರವೇ ತಿರುಚಿತ್ತು ಎಂದು 2017ರಲ್ಲಿ ಲಂಡನ್ನಿನ ಇಬ್ಬರು ಸಂಶೋಧಕರು ಬರೆದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗೆಂದು ಇರಾಕಿನಲ್ಲಿ ಏನೂ ಆಗಲಿಲ್ಲ ಎನ್ನುವವರ ಜೊತೆಗೂ ಸೇರಬೇಡಿ. ನೀರು ಶುದ್ಧಮಾಡುವ ಕ್ಲೋರಿನ್‌ಗೂ ಪಂಪಿನ ಬಿಡಿಭಾಗಗಳಿಗೂ ತಡೆ ಇತ್ತು. ಕೊಳಕು ನೀರು ಕುಡಿದ ಮಕ್ಕಳು ಕಾಯಿಲೆ ಬಿದ್ದದ್ದು ನಿಜ. ಅದರಲ್ಲಿ 1991ರ ಕೊಲ್ಲಿ ಯುದ್ಧದ ಬಾಂಬಿನ ಪಾಲೆಷ್ಟು, ನಿರ್ಬಂಧದ ಪಾಲೆಷ್ಟು, ಅಲ್ಲಿನ ಸರ್ಕಾರದ ಪಾಲೆಷ್ಟು ಎಂದು ಬಿಡಿಸುವುದೇ ನಿಮ್ಮ ಕೆಲಸ. ಕ್ಯೂಬಾದಲ್ಲಿಯೂ ಇದೇ ಗಂಟು. 1990ರ ದಶಕದ ಆರಂಭದಲ್ಲಿ ಅಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರ ಕಣ್ಣಿನ ಮತ್ತು ಕೈಕಾಲಿನ ನರಗಳು ಸೊರಗಿದವು. ಬಿ ಜೀವಸತ್ವದ ಕೊರತೆ ಮುಖ್ಯ ಕಾರಣವಾಗಿತ್ತು, ಮಾತ್ರೆ ಹಂಚಿದ ಮೇಲೆ ಇಳಿಯಿತು. ಆದರೆ ಊಟ ಕಡಿಮೆಯಾದದ್ದು ಅಮೆರಿಕದ ಹಳೆಯ ದಿಗ್ಬಂಧನ 1992ರಲ್ಲಿ ಇನ್ನಷ್ಟು ಬಿಗಿಯಾದದ್ದರಿಂದಲೋ, ಸೋವಿಯತ್ ಒಕ್ಕೂಟ ಕುಸಿದು ವ್ಯಾಪಾರ ನಿಂತದ್ದರಿಂದಲೋ? ಎರಡೂ ಒಂದೇ ಕಾಲಕ್ಕೆ ಬಂದವು. ಸಂಖ್ಯಾಶಾಸ್ತ್ರ ಓದಿದವರು ಈ ಕ್ಷೇತ್ರಕ್ಕೆ ಬೇಕು ಎನ್ನುವುದು ಇದಕ್ಕಾಗಿಯೇ.

ಹೊಟ್ಟೆಪಾಡಿನ ಮಾತು. 'ನಿರ್ಬಂಧ ಮತ್ತು ಆರೋಗ್ಯ' ಎಂಬ ವಿಭಾಗಕ್ಕೆ ಅರ್ಜಿ ಕರೆಯುವುದನ್ನು ನಾನು ಇಂದಿಗೂ ಕಂಡಿಲ್ಲ. ಜನಸಂಖ್ಯಾಶಾಸ್ತ್ರ, ಸಾಂಕ್ರಾಮಿಕ ರೋಗಶಾಸ್ತ್ರ (ಎಪಿಡೆಮಿಯಾಲಜಿ), ಆರೋಗ್ಯ ಅರ್ಥಶಾಸ್ತ್ರ, ಇವುಗಳಲ್ಲಿ ಒಂದನ್ನು ಗಟ್ಟಿಮಾಡಿಕೊಂಡು ಅದರ ಹೆಸರಿನಲ್ಲಿ ಕೆಲಸಕ್ಕೆ ಸೇರಬೇಕು. ಮುಂಬೈಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ತಿರುವನಂತಪುರದ ಅಚ್ಯುತ ಮೆನನ್ ಆರೋಗ್ಯ ವಿಜ್ಞಾನ ಅಧ್ಯಯನ ಕೇಂದ್ರ, ಹತ್ತಿರದಲ್ಲಿ ಬೇಕೆಂದರೆ ಮಣಿಪಾಲ, ಇವನ್ನು ವಿಚಾರಿಸಿ. ಅನುದಾನ ಕಷ್ಟ. ದತ್ತಿಸಂಸ್ಥೆಯೊಂದು ಶೀರ್ಷಿಕೆಯಿಂದ 'ನಿರ್ಬಂಧ' ಎಂಬ ಪದ ತೆಗೆದರೆ ಹಣ ಕೊಡುತ್ತೇವೆ ಎಂದಿತ್ತು. ನಾನು ತೆಗೆಯಲಿಲ್ಲ. ಎರಡು ವರ್ಷ ಬೇರೆಯವರ ಯೋಜನೆಗಳಲ್ಲಿ ದತ್ತಾಂಶ ತಿದ್ದಿ ಬದುಕಿದೆ. ನಿಮ್ಮ ಮನೆಯವರಿಗೆ ಇದನ್ನೂ ಮುಚ್ಚಿಡದೆ ಹೇಳಿ.

ಉತ್ತರ, ಪೊನ್ನಂಪೇಟೆ ಕಡೆಯಿಂದ:

ಮಗಳೇ, ನಾನು ನಿವೃತ್ತ ಆರೋಗ್ಯ ಸಹಾಯಕಿ. ದೊಡ್ಡ ವಿಷಯ ನನಗೆ ತಿಳಿಯದು. ಆದರೆ ಆ ತಾಯಂದಿರನ್ನು ಎರಡನೇ ಸಲ ಕೇಳಿದ ಮಾತು ಓದಿ ಒಂದು ನೆನಪಾಯಿತು. ಹಾಡಿಯೊಂದರಲ್ಲಿ ತಾಯಿಯೊಬ್ಬಳನ್ನು ಮಗು ತೀರಿಹೋದದ್ದು ಯಾವಾಗ ಎಂದು ಕೇಳಿದೆ. "ಹೋದ ವರ್ಷ" ಎಂದಳು, ಬರೆದುಕೊಂಡೆ. ಪಕ್ಕದಲ್ಲಿ ಕುಳಿತಿದ್ದ ಅವಳ ಅತ್ತೆ, "ಇಲ್ಲಮ್ಮ, ಕಾಫಿಗೆ ಹೂಮಳೆ ಬಂದ ವಾರ, ಗುಡ್ಡ ಕುಸಿದದ್ದು ಅದಾದ ಮೇಲೆ" ಎಂದಳು. ಗುಡ್ಡ ಕುಸಿದದ್ದು 2018ರ ಆಗಸ್ಟ್. ನಾನು ಕೇಳುತ್ತಿದ್ದದ್ದು 2021ರಲ್ಲಿ. ನನ್ನ ಪುಸ್ತಕದಲ್ಲಿ ಆ ಸಾವು ಎರಡು ವರ್ಷ ಈಚೆಗೆ ಬಂದು ಕುಳಿತಿತ್ತು. ಆ ತಾಯಿ ಸುಳ್ಳು ಹೇಳಲಿಲ್ಲ, ನಾನು ಕೇಳಿದ ರೀತಿ ಸರಿ ಇರಲಿಲ್ಲ. ಪಿಎಚ್.ಡಿ.ಗೆ ಮೊದಲು ಆರು ತಿಂಗಳು ಆಶಾ ಕಾರ್ಯಕರ್ತೆಯರ ಜೊತೆ ನಡೆ. ಕಾಫಿ ಕೊಯ್ಲಿನಲ್ಲಿ ಯಾರೂ ಸಿಗುವುದಿಲ್ಲ, ಅದು ಮುಗಿದ ಮೇಲೆ ಹೋಗು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆಗಳು. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ರಷ್ಯಾದ ಹಣದ ವಿಷಯ ಬಂದಾಗ, "ಇನ್ನೊಮ್ಮೆ ಓದು" ಎಂದರು. ಮಾರ್ಚಿಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತೇನೆ. ವಿರಾಜಪೇಟೆಯ ಅಕ್ಕನಿಗೆ ಒಂದು ಪ್ರಶ್ನೆ: ಭಾಷೆ ಕಲಿಯುವುದಾದರೆ ಸ್ಪ್ಯಾನಿಷ್ ಒಳ್ಳೆಯದೋ, ಪರ್ಷಿಯನ್ನೋ?

ಉತ್ತರ, ವಿರಾಜಪೇಟೆ ಮೂಲ:

ಪರ್ಷಿಯನ್. ಇರಾನಿನ ವೈದ್ಯರು ತಮ್ಮ ಭಾಷೆಯಲ್ಲಿ ಬರೆದದ್ದನ್ನು ಹೊರಗಿನವರು ಓದುವುದು ಬಹಳ ಕಡಿಮೆ. ಭಯ ಬೇಡ. ಗುಮಾಸ್ತ, ಕಾಗದ, ದವಾಖಾನೆ, ಈ ಪದಗಳು ನಮಗೆ ಬಂದದ್ದೇ ಅಲ್ಲಿಂದ.